ಸ್ಟಾರ್ಟ್ ಆಗದ ಕಾರು

ಶ್ರೀಕಂಠಯ್ಯನವರು ತಮ್ಮ ಕೆಂಪು ಸ್ಪೋರ್ಟ್ಸ್ ಕಾರನ್ನು ಮಾರಲು ಒಪ್ಪಿದ್ದು ಹೆಂಡತಿಯ ಕಾಟ ತಾಳಲಾರದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಆ ಹಳೇ ಕಾರು ಒಂದು ಭಾನುವಾರ ಓಡಿದರೆ ಮೂರು ಭಾನುವಾರ ರಿಪೇರಿಗೆ ನಿಲ್ಲುತ್ತಿತ್ತು.

"ಗಂಡನ ಮುಖ ನೋಡ್ಬೇಕು ಅಂದ್ರೆ ಬಗ್ಗಿ ಕಾರಿನಡಿ ನೋಡ್ಬೇಕು. ಇವತ್ತು ಬರೋರಿಗೆ ಕೊಟ್ಟು ಕೈ ತೊಳ್ಕೊಳ್ಳಿ," ಎಂದಿದ್ದರು ವಿಶಾಲಾಕ್ಷಮ್ಮ.

ಶ್ರೀಕಂಠಯ್ಯನವರು ಬೆಳಗ್ಗೆಯೇ ಎದ್ದು ಕೀ ತಿರುಗಿಸಿ ನೋಡಿದರು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಳು ಬಂದಂತಾಗಿ, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿಗೆ ಮುಖ ತೋರಿಸದೆ ಸ್ನಾನಕ್ಕೆ ಹೋದರು.

ಹತ್ತು ಗಂಟೆಗೆ ಬಂದ ಯುವಕ ಕಾರಿಗೆ ಒಂದು ಸುತ್ತು ಹಾಕಿ, ಒಳಗೆ ಕೂತು ಕೀ ತಿರುಗಿಸಿದ. ಎಂಜಿನ್ ಗೊರಗೊರ ಎಂದಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಹತ್ತು ಸಲ ತಿರುಗಿಸಿದರೂ ಅಷ್ಟೇ.

"ಬೆಳಗ್ಗೆ ಚೆನ್ನಾಗೇ ಇತ್ತಲ್ಲಪ್ಪಾ!"

"ಎಲ್ರೂ ಹಂಗೇ ಹೇಳ್ತಾರೆ ಸಾರ್," ಎಂದ ಯುವಕ ತನ್ನ ಬೈಕ್ ಹತ್ತಿ ಹೊರಟೇಹೋದ.

ಶ್ರೀಕಂಠಯ್ಯನವರು ಹೆದರುತ್ತಲೇ ಹೆಂಡತಿಯತ್ತ ತಿರುಗಿದರು.

"ನಿಜವಾಗ್ಲೂ ನಾನೇನೂ ಮಾಡಿಲ್ಲ ಕಣೇ."

"ಗೊತ್ತು," ಎಂದ ವಿಶಾಲಾಕ್ಷಮ್ಮ ಸೆರಗಿನ ಮರೆಯಿಂದ ಗೇಣುದ್ದದ ಕರಿ ವೈರೊಂದನ್ನು ಹೊರತೆಗೆದರು. "ಇದನ್ನ ವಾಪಸ್ ಎಲ್ಲಿ ಸಿಕ್ಕಿಸೋದು ರೀ?"