ಅಂಪೈರ್ ಕೈಯ ಬಳೆ

"ಬಳೆ ತೆಗಿ ಗಾಯತ್ರಿ, ಕಬಡ್ಡಿ ಆಡುವಾಗ ಕೈಯಲ್ಲಿ ಎಂತದೂ ಇರೂಕಾಗ," ಎಂದಳು ಅಂಪೈರ್ ಆಗಿದ್ದ ಸುಷ್ಮಾ ಟೀಚರ್. ಪಂದ್ಯಕ್ಕೆ ಮೊದಲು ಆಟಗಾರ್ತಿಯರ ಉಗುರು, ಉಂಗುರ ಎಲ್ಲ ನೋಡುವುದು ಅವಳ ಕೆಲಸ.

ಹೊಸದಾಗಿ ಮದುವೆಯಾಗಿದ್ದ ಗಾಯತ್ರಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. "ಅವ್ರು ಮೀನಿಗೆ ಬೋಟಲ್ಲಿ ಹೋಗಿದ್ದಾರೆ ಟೀಚರ್. ತಿರುಗಿ ಬರೋವರೆಗೆ ತೆಗೂಕಾಗ ಅಂದ್ರು ಅತ್ತೆ."

ಸುಷ್ಮಾಳ ಕೈಯಲ್ಲೂ ಹಸಿರು ಬಳೆಗಳಿದ್ದವು. ತದಡಿ ಬಂದರಿನಿಂದ ಹೊರಟ ಗಂಡನ ಬೋಟು ಮುಳುಗಿ ಹನ್ನೊಂದು ತಿಂಗಳಾಗಿತ್ತು, ಹೆಣ ಸಿಕ್ಕಿರಲಿಲ್ಲ. ತೆಗೆದುಬಿಡು ಎಂದು ಮನೆಯವರೆಲ್ಲ ಎಷ್ಟು ಹೇಳಿದರೂ, ಗಂಡ ಬಂದೇ ಬರುತ್ತಾನೆ ಎಂದು ಅವಳು ಬಳೆ ತೆಗೆದಿರಲಿಲ್ಲ.

ಅವಳು ಗಾಯತ್ರಿಯ ಕೈಗಳನ್ನು ಮೆಲ್ಲನೆ ಹಿಡಿದುಕೊಂಡಳು. "ತೆಗಿ ಮಗಾ, ಎಂತದೂ ಆಗೂದಿಲ್ಲ. ನಾ ತೆಗಿಲೇ ಇಲ್ಲ. ಆದ್ರೂ ನಮ್ಮವರು ಬರಲಿಲ್ಲ." ಹಾಗೆಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸುಷ್ಮಾ ತನ್ನ ಬಳೆಗಳನ್ನೂ ಒಂದೊಂದಾಗಿ ಕಳಚತೊಡಗಿದಳು.