ಮೊದಲ ಐತವಾರ

ನನ್ನ ಗಂಡನ ಮಣ್ಣು ಮುಗಿದು ನೆಂಟರೆಲ್ಲ ಹೊರಟುಹೋದ ಮೊದಲ ಬೆಳಿಗ್ಗೆ, ಪಕ್ಕದ ಮನೆಯ ಜಗದೇವಿ ಚಹಾ ತಂದುಕೊಟ್ಟರು.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮವರು ಒಂದು ಹನಿ ಮುಟ್ಟದ ಮನುಷ್ಯಾ. ನೋಡಿ ಕಲೀಲಿ ಅಂತ ನಮ್ಮನಿಯವರನ್ನ ಅವರ ಕೂಡ ಚರ್ಚಿಗೆ ಕಳಿಸ್ತಿದ್ದೆ. ತಿಂಗಳಾ ಮೊದಲ ಐತವಾರ ತೂರಾಡಿಕೋತ ಬರ್ತಿದ್ರು. ಕರ್ತನ ಭೋಜನದಾಗ ವೈನ್ ಕೊಟ್ರು ಅಂತಿದ್ರು. ಅಷ್ಟು ಕುಡಿಸ್ತಾರೇನ್ರಿ?"

"ನಮ್ಮ ಮೆಥೋಡಿಸ್ಟ್ ಚರ್ಚಿನ್ಯಾಗ ವೈನೇ ಇಲ್ರಿ. ಒಂದು ಗುಟುಕು ದ್ರಾಕ್ಷಿ ಜ್ಯೂಸ್, ಅಷ್ಟೇ."

"ಹಂಗಾದ್ರ ಯಾರ ಕೂಡ ಕುಡೀತಿದ್ರು? ಗೊತ್ತಾದ್ರ ಅವನ ಮನಿ ಮುಂದ ನಿಂತು ಬೈತೀನಿ!"

ನಾನು ಒಳಗೆ ಹೋಗಿ, ಗಂಡನ ಚರ್ಚಿನ ಕೋಟಿನ ಜೇಬಿನಲ್ಲಿ ಸಿಕ್ಕಿದ್ದ ಬಾಟಲಿ ಓಪನರನ್ನು ತಂದು ಜಗದೇವಿಯ ಕೈಗಿಟ್ಟೆ. ಅದರ ಮೇಲೆ ಅವರ ಯಜಮಾನರ ಹೆಸರು ಕೊರೆದಿತ್ತು.

"ನಮ್ಮವರು ಕಡ ತಂದಿದ್ರು. ವಾಪಸ್ ಕೊಡೋದು ಉಳಿದಿತ್ತು."