ಸಹಿ ಬೀಳುವವರೆಗಿನ ಬೆಸುಗೆ

ಬಂಡುಕೋರರ ನಾಯಕಿ ಹುಲಿಗೆವ್ವನನ್ನು ಹಿಡಿದ ದಿನವೇ ಅವಳಿಗೂ ಇನ್‌ಸ್ಪೆಕ್ಟರ್ ವಿರೂಪಣ್ಣನಿಗೂ ಕಾನೂನಿನಂತೆ ನೆನಪಿನ ಬೆಸುಗೆ ಹಾಕಿದರು. ಹಿಡಿದವರೂ ಸಿಕ್ಕಿಬಿದ್ದವರೂ ಒಬ್ಬರ ನೆನಪನ್ನೊಬ್ಬರು ಹೊತ್ತರೆ ಸಂಧಾನ ಬೇಗ ಕುದುರುತ್ತಿತ್ತು. ಒಪ್ಪಂದಕ್ಕೆ ಸಹಿ ಬಿದ್ದೊಡನೆ ಬೆಸುಗೆ ಬಿಚ್ಚುತ್ತಿದ್ದರು; ಆಗ ಇನ್ನೊಬ್ಬರ ನೆನಪೆಲ್ಲ ಅಳಿಸಿಹೋಗುತ್ತಿತ್ತು.

ಈ ಸಲ ಮಾತುಕತೆ ಮೂರು ತಿಂಗಳು ಎಳೆಯಿತು. ವಿರೂಪಣ್ಣ ಊಟಕ್ಕೆ ಕುಳಿತಲ್ಲೇ ಹುಲಿಗೆವ್ವನ ತವರಿನ ಹಾಡು ಗುನುಗುವುದನ್ನು ಕೇಳಿ ಕೇಳಿ ಹೆಂಡತಿ ಗಂಗಾಂಬಿಕೆಯ ಹೊಟ್ಟೆ ಉರಿದುಹೋಯಿತು. ಕೊನೆಗೊಂದು ಬೆಳಿಗ್ಗೆ ಅವಳು ಜೈಲಿಗೇ ಹೋದಳು.

“ಇವತ್ತರ ಸಹಿ ಹಾಕವ್ವ. ನನ್ನ ಗಂಡನ್ನ ನನಗ ಬಿಟ್ಟುಕೊಡು,” ಎಂದಳು.

ಹುಲಿಗೆವ್ವ ಸರಳಿನಾಚೆಯಿಂದ ಅವಳನ್ನು ದಿಟ್ಟಿಸಿದಳು. “ಹಾಕ್ತೀನಿ. ನಾವು ಕೇಳಿದ ಗುಡ್ಡ ನಮಗ ಬಿಡಾಕ ಸರ್ಕಾರ ಒಪ್ಪೇತಿ. ಆದರ ತಂಗಿ, ನಿಮ್ಮ ಕೂಸು ತೀರಿದ ದಿನ ನಿನ್ನ ಗಂಡ ಠಾಣೆ ಹಿಂದ ನಿಂತು ಬಾಯಿಗಿ ಟೊಪ್ಪಿಗಿ ಒತ್ಕೊಂಡು ಅತ್ತಾನ. ನಿನಗ ಗೊತ್ತೇನು?”

ಗಂಗಾಂಬಿಕೆಗೆ ಗೊತ್ತಿರಲಿಲ್ಲ. ಆರು ವರ್ಷ ಅವನನ್ನು ಕಲ್ಲುಮನಸ್ಸಿನವನೆಂದೇ ಬೈದಿದ್ದಳು. ತನಗೆ ತೋರಿಸದ ಆ ಕಣ್ಣೀರು ಈ ಹೆಂಗಸಿಗೆ ಸಿಕ್ಕಿತಲ್ಲ ಎಂದು ಎದೆ ಧಗಧಗಿಸಿತು.

ಅಷ್ಟರಲ್ಲಿ ಒಪ್ಪಂದದ ಕಾಗದ ಹಿಡಿದು ಅಧಿಕಾರಿಗಳು ಬಂದರು. ಗಂಗಾಂಬಿಕೆ ಸರಳು ಬಿಡಲಿಲ್ಲ.

“ಒಂದೀಟು ತಡೀರಿ ಸಾಹೇಬ್ರ,” ಎಂದವಳೇ ಹುಲಿಗೆವ್ವನತ್ತ ತಿರುಗಿದಳು. “ಅಕ್ಕಾ, ಕೂಸಿನ ಹೆಸರು ಹಿಡಿದು ಅತ್ತನೇನು? ಪೂರಾ ಹೇಳು.”